ಮರಳಿನ ಗುಂಡಿಯ ಪ್ರಭಾರ ವಹಿಸಿಕೊಳ್ಳುವ ಬಗ್ಗೆ

ಅಧೀಕ್ಷಕರ ಕಾರ್ಯಾಲಯ
ಮೊದಲನೆಯ ಮಹಡಿ, ಸೋರುವ ಟ್ಯಾಂಕಿನ ಎದುರು

ಸಂಖ್ಯೆ: ಸಿಬ್ಬಂದಿ/ಮಕ್ಕಳು/ಮರಳು/ಗುಂಡಿ-೧
ದಿನಾಂಕ: ವಿಹಾರಕ್ಕೆ ಮುಂಚಿನ ಕೊನೆಯ ಕೆಲಸದ ದಿನ

ಸುತ್ತೋಲೆ

ವಿಷಯ: ಸಿಬ್ಬಂದಿಯ ವಾರ್ಷಿಕ ಕಡಲತೀರ ವಿಹಾರದ ಸಂದರ್ಭದಲ್ಲಿ ಆರು ವರ್ಷದೊಳಗಿನ ಮಕ್ಕಳನ್ನು ರಂಜಿಸುವ ಹಾಗೂ ಸದರಿ ಮಕ್ಕಳು ವಹಿಸಿದ ಪ್ರಭಾರವನ್ನು ನಿರ್ವಹಿಸುವ ಬಗ್ಗೆ.

ಉಲ್ಲೇಖ:
೧. ಇದೇ ವಿಷಯದ ಕಳೆದ ವರ್ಷದ ಸುತ್ತೋಲೆ (ಯಾರೂ ಓದಿರುವುದಿಲ್ಲ).
೨. ಮೆಣಸು ಎಂಬ ನಾಲ್ಕು ವರ್ಷದ ಮಗುವಿನ ಮೌಖಿಕ ಆದೇಶ, ಒದ್ದೆ ಮರಳಿನ ಮೇಲೆ ನಿಂತು ನೀಡಿದ್ದು.
೩. ಅಧೀಕ್ಷಕರ ಮನೆಯವರ ಅಭಿಪ್ರಾಯ, ಅದೇ ದಿನ, ಸ್ವಲ್ಪ ಗಟ್ಟಿಯಾಗಿ.
೪. ಸಮುದ್ರಕ್ಕೆ ನೀಡಿದ ತಿಳಿವಳಿಕೆ ಪತ್ರ (ಉತ್ತರ ಬಂದಿರುವುದಿಲ್ಲ).

\*\*\*\*\*

ಪೀಠಿಕೆ

ಈ ಕಚೇರಿಯ ಸಿಬ್ಬಂದಿ ವರ್ಷಕ್ಕೊಮ್ಮೆ ಕುಟುಂಬ ಸಮೇತ ಕಡಲತೀರಕ್ಕೆ ಹೋಗುವುದು ವಾಡಿಕೆಯಲ್ಲಿದ್ದು, ವಿಶ್ರಾಂತಿಗೆಂದು ಹೋದ ದೊಡ್ಡವರು ಸುಸ್ತಾಗಿಯೂ, ಸುಸ್ತಾಗಲಿ ಎಂದು ಕರೆದೊಯ್ದ ಮಕ್ಕಳು ಇನ್ನಷ್ಟು ಚುರುಕಾಗಿಯೂ ಹಿಂದಿರುಗುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯನ್ನು ಕಟ್ಟಿದವರು ಇಂಥದೇ ವಿಹಾರಕ್ಕೆ ಹೋಗಿ ಬಂದವರಿರಬೇಕೆಂದು ಈ ಕಚೇರಿ ಅಭಿಪ್ರಾಯಪಡುತ್ತದೆ. ಆದುದರಿಂದ ಕೆಲವು ನಿಯಮಗಳ ಅಗತ್ಯ ಕಂಡುಬಂದಿದೆ.

ನಿಯಮಗಳಿಗೆ ಕಾರಣವಾದ ಘಟನೆಯನ್ನು ತಿಳಿಯದೆ ನಿಯಮಗಳನ್ನು ಓದುವುದು ಉಪ್ಪಿಲ್ಲದ ಊಟವಾಗುವುದರಿಂದ, ಅದನ್ನೂ ಸೂಕ್ತ ಸ್ಥಳದಲ್ಲಿ ನಮೂದಿಸಲಾಗಿದೆ. ಘಟನೆಯಲ್ಲಿ ಬರುವ ಅಧೀಕ್ಷಕರೂ ಈ ಸುತ್ತೋಲೆಗೆ ಸಹಿ ಮಾಡಿರುವ ಅಧೀಕ್ಷಕರೂ ಒಬ್ಬರೇ. ಆದಾಗ್ಯೂ ಓದುವಾಗ ಅವರನ್ನು ಮೂರನೆಯವರಂತೆಯೇ ಕಾಣತಕ್ಕದ್ದು. ಅವರಿಗೂ ಅದೇ ಅನುಕೂಲ.

ಕಳೆದ ವರ್ಷ ಅಧೀಕ್ಷಕರ ಮಗಳು ಒಂದು ತಿಂಗಳ ತರಬೇತಿಗೆಂದು ಈ ಊರಿಗೆ ಬಂದು ತವರಿನಲ್ಲಿ ತಂಗಿದ್ದರು. ಜೊತೆಯಲ್ಲಿ ಮಗು. ಗಾತ್ರ ಕಡಿಮೆ, ಖಾರ ಹೆಚ್ಚು ಎಂಬ ಕಾರಣಕ್ಕೆ ಮನೆಯವರೆಲ್ಲ ಅದನ್ನು ಮೆಣಸು ಎಂದು ಕರೆಯುತ್ತಾರೆ. ಅದುವರೆಗೆ ತಾತನಿಗೂ ಮೊಮ್ಮಗಳಿಗೂ ಇದ್ದ ವ್ಯವಹಾರವೆಲ್ಲ ಫೋನಿನ ಮೂಲಕವೇ. ಇವರು ಊಟ ಆಯಿತೇ ಎಂದು ವಿಚಾರಿಸುವುದು, ಅದು ಹೂಂ ಎನ್ನುವುದು, ತಕ್ಷಣ ಫೋನು ಅಜ್ಜಿಯ ಕೈಗೆ ವರ್ಗಾವಣೆಯಾಗುವುದು. ಬಂದ ಮೇಲೆ ಮಗು ದಿನವೂ ಅಜ್ಜಿಯನ್ನು ತಾತ ಎಲ್ಲಿ ಎಂದು ಕೇಳುತ್ತಿತ್ತು. ದಿನವೂ "ಆಫೀಸು" ಎಂಬ ಉತ್ತರ ಸಿಗುತ್ತಿತ್ತು. ವಾರ ಕಳೆಯುವುದರೊಳಗೆ ಅದು ಪ್ರಶ್ನೆಯನ್ನು ಬಿಟ್ಟು ಉತ್ತರವನ್ನೇ ಹೆಸರಾಗಿ ಇಟ್ಟುಕೊಂಡಿತು. ಸಂಜೆ ಗೇಟಿನ ಸದ್ದಾದರೆ ಸಾಕು, "ಆಫೀಸು ಬಂತು" ಎಂದು ಘೋಷಿಸಿ ಅಜ್ಜಿಯ ಹಿಂದೆ ಸೇರಿಕೊಳ್ಳುತ್ತಿತ್ತು.

ಹೆಸರಿನ ಬಗ್ಗೆ ಅಧೀಕ್ಷಕರ ತಕರಾರು ಇರಲಿಲ್ಲ. ತಿಂಗಳು ಮುಗಿಯುವುದರೊಳಗೆ ಮಗು ಒಮ್ಮೆಯಾದರೂ ತಾನಾಗಿಯೇ ತಮ್ಮ ಬಳಿ ಬರಲಿ, ಬೆರಳಾದರೂ ಹಿಡಿಯಲಿ ಎಂಬುದಷ್ಟೇ ಅವರ ಆಸೆಯಾಗಿತ್ತು. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ವಿಹಾರದ ದಿನಾಂಕವನ್ನು ಮಾತ್ರ ಆ ತಿಂಗಳೊಳಗೆ ಬೀಳುವಂತೆ ಬದಲಾಯಿಸಿದ್ದರು. ಇಡೀ ಕಚೇರಿಗೆ ವಿಷಯ ತಿಳಿದಿತ್ತು.

ಈ ಹಿನ್ನೆಲೆಯಲ್ಲಿ ಎಲ್ಲ ಶಾಖೆಗಳಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ.

೧. ಪರಿಭಾಷೆ

(ಅ) "ಮಗು" ಎಂದರೆ ಆರು ವರ್ಷದೊಳಗಿನ ಯಾವುದೇ ವ್ಯಕ್ತಿ. ಐಸ್‌ಕ್ರೀಮ್ ಕಂಡಾಗ ಮಾತ್ರ ಮಗುವಾಗುವ ತಪಾಲು ಗುಮಾಸ್ತರು ಇದರಲ್ಲಿ ಸೇರುವುದಿಲ್ಲ.

(ಆ) "ರಂಜನೆ" ಎಂದರೆ ಮಗು "ಆಮೇಲೆ?" ಎಂದು ಕೇಳದೇ ಇರುವ ಅವಧಿ.

(ಇ) "ಸಮುದ್ರ" ಎಂದರೆ ವ್ಯಾನು ನಿಲ್ಲಿಸುವ ಜಾಗದ ಎದುರಿಗಿರುವ ನೀರು. ಇದರ ಎಲ್ಲೆ ಬೆಳಗ್ಗೆ ಒಂದು ಕಡೆ, ಸಂಜೆ ಇನ್ನೊಂದು ಕಡೆ ಇರುತ್ತದೆ. ಎಲ್ಲೆ ನಿಗದಿಪಡಿಸುವಂತೆ ಕೋರಲು ಯಾರಿಗೆ ಬರೆಯಬೇಕೆಂಬುದು ಇನ್ನೂ ತಿಳಿದುಬಂದಿರುವುದಿಲ್ಲ.

೨. ಬಕೆಟ್ಟುಗಳು

ಎಲ್ಲ ಮಕ್ಕಳಿಗೂ ಒಂದೇ ಗಾತ್ರದ, ಒಂದೇ ಬಣ್ಣದ, ಅಂದರೆ ನೀಲಿ ಬಣ್ಣದ ಬಕೆಟ್ಟನ್ನೇ ತರತಕ್ಕದ್ದು. ಹಿಂದೊಮ್ಮೆ ಎಂಟು ನೀಲಿ ಬಕೆಟ್ಟುಗಳ ನಡುವೆ ಒಂದು ಕೆಂಪು ಬಕೆಟ್ಟು ಸೇರಿಕೊಂಡಿತ್ತು. ಅದಕ್ಕಾಗಿ ತಪಾಲು ಗುಮಾಸ್ತರ ಮಗನಿಗೂ ಲೆಕ್ಕಿಗರ ಮಗಳಿಗೂ ಆರಂಭವಾದ ಜಗಳ ಮಕ್ಕಳಿಂದ ತಾಯಂದಿರಿಗೆ, ತಾಯಂದಿರಿಂದ ತಂದೆಯರಿಗೆ, ತಂದೆಯರಿಂದ ಶಾಖೆಗಳಿಗೆ ಹರಡಿತು. ಒಂದೇ ಹಜಾರದಲ್ಲಿ, ಒಂದೇ ಫ್ಯಾನಿನ ಕೆಳಗೆ ಕೂರುವ ಎರಡು ಶಾಖೆಗಳು ಮಳೆಗಾಲ ಮುಗಿಯುವವರೆಗೆ ಅಂಚೆಯ ಮೂಲಕ ಪತ್ರ ವ್ಯವಹಾರ ನಡೆಸಿದವು. ಮಕ್ಕಳು ಮಾತ್ರ ಅಂದೇ ಸಂಜೆ ಅದೇ ಬಕೆಟ್ಟನ್ನು ಒಬ್ಬರ ತಲೆಗೊಬ್ಬರು ಹಾಕಿಕೊಂಡು ನಗುತ್ತಿದ್ದುದು ವರದಿಯಾಗಿದೆ.

೩. ಮರಳು ಸೇವನೆ

ಮಗು ತಿನ್ನುವ ಮೊದಲ ಹಿಡಿ ಮರಳನ್ನು ಅನುಭವವೆಂದೂ, ಎರಡನೆಯದನ್ನು ಖಚಿತಪಡಿಸಿಕೊಳ್ಳುವಿಕೆಯೆಂದೂ ಪರಿಗಣಿಸತಕ್ಕದ್ದು. ಮೂರನೆಯ ಹಿಡಿಗೆ ಮುಂಚೆ ಪೋಷಕರು ಮೊಬೈಲು ಕೆಳಗಿಡತಕ್ಕದ್ದು.

೪. ಏಡಿ

ಏಡಿಯನ್ನು ದೂರದಿಂದ ತೋರಿಸಬಹುದು. ಅದು ಏನೂ ಮಾಡುವುದಿಲ್ಲ ಎಂದು ಸಾಬೀತುಪಡಿಸಲು ಯಾವ ಸಿಬ್ಬಂದಿಯೂ ಬೆರಳು ಚಾಚತಕ್ಕದ್ದಲ್ಲ. ಲೆಕ್ಕಿಗರ ಎಡಗೈ ಸಹಿಯನ್ನು ಬ್ಯಾಂಕಿನವರು ಒಪ್ಪದಿದ್ದ ಕಾರಣ ಆ ತಿಂಗಳ ಸಂಬಳ ತಡವಾದದ್ದನ್ನು ಎಲ್ಲರೂ ನೆನಪಿನಲ್ಲಿಡತಕ್ಕದ್ದು. ಆದರೆ ಅಂದು ಮಕ್ಕಳು ಅತಿ ಹೆಚ್ಚು ರಂಜಿತರಾದದ್ದು ಅವರು ಕುಣಿದಾಗಲೇ ಎಂಬುದನ್ನೂ ಈ ಕಚೇರಿ ಮರೆತಿಲ್ಲ.

೫. ದೊಡ್ಡವರನ್ನು ಮರಳಲ್ಲಿ ಹೂಳುವುದು

(ಅ) ಕುತ್ತಿಗೆಯಿಂದ ಕೆಳಗೆ ಮಾತ್ರ ಅನುಮತಿಸಲಾಗಿದೆ.

(ಆ) ಒಂದು ಸಮಯಕ್ಕೆ ಒಂದು ಶಾಖೆಯಿಂದ ಒಬ್ಬರನ್ನು ಮಾತ್ರ ಹೂಳತಕ್ಕದ್ದು. ಹೂಳಲ್ಪಡುವ ಮುನ್ನ ಬೀರುವಿನ ಕೀಲಿಕೈಯನ್ನು ಸಹೋದ್ಯೋಗಿಗೆ ಒಪ್ಪಿಸತಕ್ಕದ್ದು. ಕಾರಣ ಟೈಪಿಸ್ಟರಿಗೆ ಗೊತ್ತಿದೆ. ಅವರು ಸೋಮವಾರ ಜರಡಿ ಹಿಡಿದುಕೊಂಡು ಮತ್ತೆ ತೀರಕ್ಕೆ ಹೋಗಬೇಕಾಯಿತು.

(ಇ) ಹೂಳಲ್ಪಟ್ಟವರು ಮೂಗು ಕೆರೆಯಬೇಕಾದಲ್ಲಿ ತಮ್ಮ ಮೇಲಧಿಕಾರಿಯನ್ನು ಕೋರಬಹುದು. ಮೇಲಧಿಕಾರಿಯೂ ಹೂಳಲ್ಪಟ್ಟಿದ್ದರೆ ಕಾಯತಕ್ಕದ್ದು.

೬. ಮಕ್ಕಳ ಪ್ರಶ್ನೆಗಳು

ಸಮುದ್ರ ಎಲ್ಲಿ ಮುಗಿಯುತ್ತದೆ, ಇದಕ್ಕೆ ನೀರು ತುಂಬಿಸಿದವರು ಯಾರು, ಅಲೆ ಸುಸ್ತಾದರೆ ಎಲ್ಲಿ ಕೂರುತ್ತದೆ ಎಂಬಿತ್ಯಾದಿ ಪ್ರಶ್ನೆಗಳಿಗೆ ಗೊತ್ತಿದ್ದರೆ ಉತ್ತರ ಹೇಳತಕ್ಕದ್ದು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನತಕ್ಕದ್ದು. "ಪರಿಶೀಲಿಸಿ ತಿಳಿಸಲಾಗುವುದು" ಎಂಬ ಉತ್ತರವನ್ನು ನಿಷೇಧಿಸಲಾಗಿದೆ. ಅಲೆಯ ಕುರಿತ ಪ್ರಶ್ನೆಗೆ ಅಧೀಕ್ಷಕರು ಮೆಣಸಿಗೆ ಇದೇ ಉತ್ತರ ಕೊಟ್ಟದ್ದರಿಂದ, ಬೆಳಗ್ಗೆಯಿಂದ ಮೊದಲ ಬಾರಿಗೆ ಅವರ ಕುರ್ಚಿಯ ಹತ್ತಿರ ಬಂದಿದ್ದ ಮಗು ಬಂದ ದಾರಿಯಲ್ಲೇ ಹೊರಟುಹೋಯಿತು.

೭. ಕಾರ್ಯಕ್ರಮ ಪಟ್ಟಿ

ಕಾರ್ಯಕ್ರಮ ಪಟ್ಟಿ ಇರತಕ್ಕದ್ದಲ್ಲ. ಕಳೆದ ಬಾರಿ ಅಧೀಕ್ಷಕರು "ಅಲೆ ವೀಕ್ಷಣೆ", "ಚಿಪ್ಪು ಸಂಗ್ರಹಣೆ", "ಮರಳು ಕಾಮಗಾರಿ", "ಹರ್ಷ" ಎಂಬ ಶೀರ್ಷಿಕೆಗಳಡಿ ಪಟ್ಟಿಯೊಂದನ್ನು ರಟ್ಟಿಗೆ ಅಂಟಿಸಿ ತಂದಿದ್ದರು. ಅವರು ಕೊಡೆಯ ಕೆಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಬೂಟುಗಳನ್ನು ಕಳಚದೆಯೇ ಕುಳಿತು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಮಕ್ಕಳು ನಾಲ್ಕೂ ಬಾಬ್ತುಗಳನ್ನು ಮುಗಿಸಿ, ಪಟ್ಟಿಯಲ್ಲಿಲ್ಲದ ಐದನೆಯದಕ್ಕೆ ಕೈಹಾಕಿದ್ದರು. ಐದನೆಯದು ಲೆಕ್ಕಿಗರ ಚಪ್ಪಲಿಯನ್ನು ದೋಣಿ ಮಾಡುವುದಾಗಿತ್ತು. ದೋಣಿ ಈವರೆಗೆ ಹಿಂದಿರುಗಿರುವುದಿಲ್ಲ.

೮. ಊಟ

ಬ್ರೆಡ್ಡಿನ ಮೇಲೆ ಮರಳು ಕಂಡುಬಂದರೆ ಬ್ರೆಡ್ಡಿನ ಆ ಭಾಗವನ್ನು ದೊಡ್ಡವರೇ ತಿನ್ನತಕ್ಕದ್ದು. ಇದರಲ್ಲಿ ವಿನಾಯಿತಿ ಇಲ್ಲ.

೯. ಗುಂಡಿ

(ಅ) ಅಂದು ಮಧ್ಯಾಹ್ನ ಮೆಣಸು ಒದ್ದೆ ಮರಳಿನಲ್ಲಿ ಒಂದು ಗುಂಡಿ ತೋಡಿತು. ಯಾರ ನೆರವನ್ನೂ ಪಡೆಯಲಿಲ್ಲ. ಆಳ ಅದರ ಮೊಣಕಾಲಿನಷ್ಟಿತ್ತು. ಇದು ಯಾತಕ್ಕೆ ಎಂದು ತಪಾಲು ಗುಮಾಸ್ತರು ವಿಚಾರಿಸಲಾಗಿ, "ಗುಂಡಿ" ಎಂದು ಸಮಜಾಯಿಷಿ ನೀಡಲಾಯಿತು.

(ಆ) ಅಷ್ಟರಲ್ಲಿ ತಾಯಿ ಬಟ್ಟೆ ಬದಲಾಯಿಸಲು, ಊಟ ಮಾಡಿಸಲು ಮಗುವನ್ನು ವ್ಯಾನಿಗೆ ಕರೆದರು. ಗುಂಡಿ ಬಿಟ್ಟು ಬರುವುದಿಲ್ಲ ಎಂದು ಮಗು ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಕೂತಿತು. ಕಾಯಲು ಯಾರಾದರೂ ಬೇಕಿತ್ತು. ಸುತ್ತ ನೋಡಿದರೆ ಅಜ್ಜಿ ಬ್ರೆಡ್ಡು ಕತ್ತರಿಸುತ್ತಿದ್ದರು, ಲೆಕ್ಕಿಗರು ಬೆರಳಿಗೆ ಬಟ್ಟೆ ಸುತ್ತಿಕೊಳ್ಳುತ್ತಿದ್ದರು, ಟೈಪಿಸ್ಟರು ಹೂಳಲ್ಪಟ್ಟಿದ್ದರು. ಇಡೀ ತೀರದಲ್ಲಿ ಕೆಲಸವಿಲ್ಲದೆ ಕುಳಿತಿದ್ದವರು ಅಧೀಕ್ಷಕರೊಬ್ಬರೇ. ಮಗು ಬಹಳ ಹೊತ್ತು ಯೋಚಿಸಿ, ಬೇರೆ ದಾರಿ ಕಾಣದೆ, ಅವರ ಮುಂದೆ ಬಂದು ನಿಂತು ನೀಡಿದ ಆದೇಶ ಯಥಾವತ್ತಾಗಿ ಹೀಗಿದೆ: "ಆಫೀಸು, ಇದನ್ನ ನೋಡ್ಕೋ. ನಾನು ಬರೋವರ್ಗೂ ಎಲ್ಲೂ ಹೋಗ್ಬೇಡ."

(ಇ) ಅಧೀಕ್ಷಕರು ಕುರ್ಚಿಯಿಂದ ಎದ್ದು ನಿಂತರು. ಈ ಕಚೇರಿಯಲ್ಲಿ ಅವರ ಬಗ್ಗೆ ಯಾರು ಏನೇ ಆಡಿಕೊಂಡರೂ ಒಂದು ವಿಷಯದಲ್ಲಿ ಎರಡು ಮಾತಿಲ್ಲ. ವಹಿಸಿಕೊಂಡ ಪ್ರಭಾರವನ್ನು ಅಧಿಕೃತವಾಗಿ ಹಸ್ತಾಂತರಿಸದೆ ಅವರು ಎಂದೂ ಜಾಗ ಬಿಟ್ಟವರಲ್ಲ. ವರ್ಗವಾಗಿ ಬರಬೇಕಿದ್ದ ಅಧಿಕಾರಿಯ ರೈಲು ತಪ್ಪಿದ್ದಕ್ಕೆ ಒಮ್ಮೆ ಭಾನುವಾರವೆಲ್ಲ ಹಳೆಯ ಕಚೇರಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕಾದವರು ಅವರು. ಅದೇ ಶಿಸ್ತಿನಂತೆ ದಾಸ್ತಾನನ್ನು ಮಗುವಿನ ಸಮಕ್ಷಮ ಪರಿಶೀಲಿಸಲಾಯಿತು. ಗುಂಡಿ ಒಂದು. ಹಿಡಿ ಮುರಿದ ಬಕೆಟ್ಟು ಒಂದು. ಕೋಲು ಒಂದು. ಬಿಸ್ಕತ್ತು ಅರ್ಧ, ಒದ್ದೆ. ಎಲ್ಲವೂ ಸರಿಯಿದೆ ಎಂದು ಅವರು ಹೇಳಿದರು. ಸರಿ ಎಂದು ಮಗು ಹೋಯಿತು.

(ಈ) ಮಗು ಊಟ ಮಾಡಿ, ಒಣಬಟ್ಟೆ ಹಾಕಿಕೊಂಡು, ತಾಯಿಯ ತೊಡೆಯ ಮೇಲೆ ವ್ಯಾನಿನಲ್ಲಿ ನಿದ್ದೆ ಹೋಯಿತು. ಇತ್ತ ಸಮುದ್ರ ಏರತೊಡಗಿತು.

(ಉ) ಹೊರಡುವ ಸಮಯವಾಯಿತೆಂದು ಚಾಲಕರು ಬಂದು ತಿಳಿಸಿದರು. ಹಸ್ತಾಂತರವಾಗಿಲ್ಲ ಎಂದು ಅಧೀಕ್ಷಕರು ಉತ್ತರಿಸಿದರು. ಬೇಕಾದರೆ ತಾನು ಪ್ರಭಾರ ವಹಿಸಿಕೊಳ್ಳುವುದಾಗಿ ಲೆಕ್ಕಿಗರು ಮುಂದೆ ಬಂದರು. ವಹಿಸಿದ ಪ್ರಾಧಿಕಾರ ನಿದ್ದೆಯಲ್ಲಿರುವಾಗ ಪ್ರಭಾರ ಬದಲಾಯಿಸಲು ಅವಕಾಶವಿಲ್ಲವೆಂದು ಅವರಿಗೆ ಮನವರಿಕೆ ಮಾಡಿಕೊಡಲಾಯಿತು. ಹಾಗಾದರೆ ಪ್ರಾಧಿಕಾರವನ್ನು ಎಬ್ಬಿಸೋಣ ಎಂದಾಗ, ನಿದ್ದೆಗೆಟ್ಟ ಮೆಣಸನ್ನು ಬಲ್ಲ ಅಜ್ಜಿ ಅಂಥ ಕೆಲಸಕ್ಕೆ ಕೈಹಾಕಿದವರೇ ಅದನ್ನು ಸಮಾಧಾನಪಡಿಸಬೇಕು ಎಂದರು. ಬೆಕ್ಕಿಗೆ ಗಂಟೆ ಕಟ್ಟಲು ಯಾರೂ ಮುಂದೆ ಬರಲಿಲ್ಲ.

(ಊ) ಮೊದಲ ಅಲೆ ಗುಂಡಿಯ ಅಂಚನ್ನು ಮುಟ್ಟಿ ಹೋಯಿತು. ಅಧೀಕ್ಷಕರು ಕಾರ್ಯಕ್ರಮ ಪಟ್ಟಿಯ ರಟ್ಟನ್ನು ಅಡ್ಡ ನಿಲ್ಲಿಸಿದರು. ಎರಡನೆಯ ಅಲೆ "ಹರ್ಷ"ದವರೆಗೂ ನೆನೆಸಿ ರಟ್ಟನ್ನು ಮಡಚಿ ಮಲಗಿಸಿತು. ಕುರ್ಚಿಯನ್ನು ಅಡ್ಡ ಹಾಕಲಾಯಿತು. ಕುರ್ಚಿ ತೇಲಿತು. ಆಗ ಅವರು ಆ ಬೂಟುಗಳಲ್ಲೇ ಮಂಡಿಯೂರಿ ಎರಡೂ ಕೈಗಳಿಂದ ಮರಳು ಗೋರಿ ಒಡ್ಡು ಕಟ್ಟತೊಡಗಿದರು. ಇದನ್ನು ಕಂಡ ತಪಾಲು ಗುಮಾಸ್ತರು ಊಟದ ಡಬ್ಬಿಯ ಮುಚ್ಚಳ ಹಿಡಿದುಕೊಂಡು ಬಂದರು. ಬಕೆಟ್ಟಿನ ಜಗಳವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದ ಲೆಕ್ಕಿಗರು ಅವರ ಪಕ್ಕದಲ್ಲೇ ಒಂದೇ ಕೈಯಲ್ಲಿ ಮರಳು ಒತ್ತಿದರು. ಟೈಪಿಸ್ಟರನ್ನು ತುರ್ತಾಗಿ ಹೊರತೆಗೆಯಲಾಯಿತು. ಒಂದು ಗುಂಡಿಗಾಗಿ ಎರಡು ಶಾಖೆಗಳು ಭುಜಕ್ಕೆ ಭುಜ ಕೊಟ್ಟು ನಿಂತದ್ದು ಕಚೇರಿಯ ಇತಿಹಾಸದಲ್ಲೇ ಮೊದಲೆಂದು ನಮೂದಿಸಲು ಹೆಮ್ಮೆಯೆನಿಸುತ್ತದೆ.

(ಋ) ಆದಾಗ್ಯೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಗುಂಡಿ ಹೋಯಿತು. ಬಿಸ್ಕತ್ತು ಅದಕ್ಕೂ ಮುಂಚೆಯೇ ಹೋಗಿತ್ತು. ಕೋಲು ಲೆಕ್ಕಿಗರ ಚಪ್ಪಲಿಯ ದಿಕ್ಕಿನಲ್ಲಿ ಸಾಗಿತು. ಬಕೆಟ್ಟನ್ನು ಮಾತ್ರ ಅಧೀಕ್ಷಕರು ಎದೆಗೆ ಅವಚಿಕೊಂಡಿದ್ದರು. ಗುಂಡಿಯೇ ಇಲ್ಲವಲ್ಲ ಸಾರ್, ಇನ್ನು ಬನ್ನಿ ಎಂದು ಎಲ್ಲರೂ ಕೋರಿದರು. ಗುಂಡಿ ಹೋಗಿದೆ, ಪ್ರಭಾರ ಹೋಗಿಲ್ಲ ಎಂಬುದು ಅವರ ನಿಲುವಾಗಿತ್ತು. ಗುಂಡಿ ಇದ್ದ ಜಾಗದಲ್ಲೇ, ಮೊಣಕಾಲುದ್ದ ನೀರಿನಲ್ಲಿ, ಅವರು ನಿಂತೇ ಇದ್ದರು.

(ೠ) ಉಲ್ಲೇಖ ೩ರ ಅಭಿಪ್ರಾಯ ಈ ಹಂತದಲ್ಲಿ ವ್ಯಕ್ತವಾಯಿತು. ದಡದಲ್ಲಿ ಟವೆಲು ಹಿಡಿದು ನಿಂತಿದ್ದ ಮನೆಯವರು, ಅಂದರೆ ಮೆಣಸಿನ ಅಜ್ಜಿ, "ಮಗಳು ಚಿಕ್ಕೋಳಿದ್ದಾಗ ಇದ್ರಲ್ಲಿ ಅರ್ಧ ನಿಂತಿದ್ರೂ ಸಾಕಿತ್ತು" ಎಂದರು. ಮಲಗಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು ವ್ಯಾನಿನಿಂದ ಇಳಿದು ಬಂದಿದ್ದ ಮಗಳೂ ಈ ಮಾತನ್ನು ಕೇಳಿಸಿಕೊಂಡರು. ಅವರು ಚಪ್ಪಲಿ ಬಿಟ್ಟು, ಮಗುವಿನ ಸಮೇತ ನೀರಿಗಿಳಿದು, ಅಪ್ಪನ ಪಕ್ಕದಲ್ಲಿ ಬಂದು ನಿಂತರು. ಅಧೀಕ್ಷಕರ ಕಣ್ಣಲ್ಲಿ ಆಗ ನೀರಾಡಿತು. ಅದು ಉಪ್ಪು ಗಾಳಿಯಿಂದ ಎಂದು ಹಾಜರಿದ್ದವರೆಲ್ಲ ಒಮ್ಮತದಿಂದ ತೀರ್ಮಾನಿಸಿದರು.

(ಎ) ಅಲೆಯ ಸದ್ದಿಗೆ ಮಗು ಎಚ್ಚರಗೊಂಡಿತು. ಅಮ್ಮನ ಹೆಗಲಿನಿಂದ ತಲೆಯೆತ್ತಿ ಕೆಳಗೆ ನೋಡಿತು. ಬರೀ ನೀರು. ಗುಂಡಿ ಎಲ್ಲಿ ಎಂದು ಮಗು ಕೇಳಿತು. ಪರಿಶೀಲಿಸಿ ತಿಳಿಸುವುದಾಗಿ ಅಧೀಕ್ಷಕರು ಹೇಳಲಿಲ್ಲ. ಅವರು ಹೇಳಿದ್ದು ಇಷ್ಟು: "ಸಮುದ್ರ ತಗೊಂಡ್ಹೋಯ್ತು ಕಂದ. ತಡಿಯಕ್ಕಾಗ್ಲಿಲ್ಲ. ನಾನು ಮಾತ್ರ ಎಲ್ಲೂ ಹೋಗ್ಲಿಲ್ಲ."

(ಏ) ಮಗು ಅವರ ಒದ್ದೆ ಪ್ಯಾಂಟನ್ನೂ, ಮರಳು ಮೆತ್ತಿದ ಕೈಗಳನ್ನೂ, ಎದೆಗವಚಿದ ಬಕೆಟ್ಟನ್ನೂ ಒಂದೊಂದಾಗಿ ತಪಾಸಣೆ ಮಾಡಿತು. ಕಚೇರಿಯ ವಾರ್ಷಿಕ ತಪಾಸಣೆಯೂ ಅಷ್ಟು ಕಟ್ಟುನಿಟ್ಟಾಗಿ ನಡೆದದ್ದಿಲ್ಲ. ಅಳುವುದೆಂದು ಎಲ್ಲರೂ ಕಾದಿದ್ದರು. ಅಳಲಿಲ್ಲ. ದಡದಲ್ಲಿ ನಿಂತಿದ್ದ ತಪಾಲು ಗುಮಾಸ್ತರ ಮಗನ ಕಡೆ ತಿರುಗಿ, ದೊಡ್ಡ ಮನುಷ್ಯರ ಗತ್ತಿನಲ್ಲಿ, "ಇದು ನಮ್ಮ ಆಫೀಸು. ಹೋಗ್ಬೇಡ ಅಂದ್ರೆ ಹೋಗಲ್ಲ" ಎಂದಿತು. ಅನಂತರ ಎರಡೂ ಕೈ ಚಾಚಿ ಅಮ್ಮನ ಹೆಗಲಿನಿಂದ ಅಧೀಕ್ಷಕರ ಹೆಗಲಿಗೆ, ಯಾವ ಆದೇಶವೂ ಇಲ್ಲದೆ, ಸ್ವಇಚ್ಛೆಯಿಂದ ವರ್ಗಾವಣೆಗೊಂಡಿತು.

(ಐ) ವ್ಯಾನಿನವರೆಗೂ ಹೊತ್ತು ತಂದ ಮೇಲೆ, ಪ್ರಭಾರವನ್ನು ವಾಪಸು ಪಡೆಯುವಂತೆ ಮಗುವನ್ನು ಕೋರಲಾಯಿತು. ಬಕೆಟ್ಟನ್ನು ಪಡೆದು, "ಗುಂಡಿ ನೀನೇ ಇಟ್ಕೋ" ಎಂದು ಆದೇಶಿಸಲಾಯಿತು. ಆದುದರಿಂದ ಹಸ್ತಾಂತರ ಇಂದಿಗೂ ಬಾಕಿಯಿರುತ್ತದೆ.

೧೦. ಪ್ರಭಾರದ ಸಾಮಾನ್ಯ ನಿಯಮಗಳು

ಮೇಲಿನ ಘಟನೆಯಿಂದ ಪಾಠ ಕಲಿತು ಈ ಕೆಳಗಿನ ನಿಯಮಗಳನ್ನು ರೂಪಿಸಲಾಗಿದೆ.

(ಅ) ಮಗು ಮೌಖಿಕವಾಗಿ ವಹಿಸಿದ ಪ್ರಭಾರ ಯಾವುದೇ ಲಿಖಿತ ಆದೇಶಕ್ಕಿಂತ ಮೇಲ್ಮಟ್ಟದ್ದೆಂದು ಭಾವಿಸತಕ್ಕದ್ದು. ಗುಂಡಿ, ಗೋಪುರ, ಚಿಪ್ಪು, ಸತ್ತ ಮೀನು, ಕಣ್ಣಿಗೆ ಕಾಣದ ಆನೆ, ಯಾವುದನ್ನೇ ಒಪ್ಪಿಸಿದರೂ ನೋಡಿಕೊಳ್ಳತಕ್ಕದ್ದು. ಆನೆಯ ಗಾತ್ರವನ್ನು ಮಗುವೇ ನಿರ್ಧರಿಸುತ್ತದೆ.

(ಆ) "ನೋಡೋಣ" ಎಂಬ ಪದವನ್ನು ತೀರದಲ್ಲಿ ಬಳಸತಕ್ಕದ್ದಲ್ಲ. ಕಚೇರಿಯಲ್ಲಿ ಯಥಾಪ್ರಕಾರ ಬಳಸಬಹುದು.

(ಇ) ಒಪ್ಪಿಸಿದ ವಸ್ತು ನಾಶವಾಯಿತೆಂಬುದು ಜಾಗ ಬಿಡಲು ಕಾರಣವಾಗುವುದಿಲ್ಲ.

(ಈ) ಬೂಟು ಕಳಚಿ ಕೂರತಕ್ಕದ್ದು. ಈ ಒಂದು ನಿಯಮವನ್ನು ಅಧೀಕ್ಷಕರ ಮನೆಯವರು ಸೇರಿಸಿರುತ್ತಾರೆ.

೧೧. ಪ್ರಭಾರದ ಸದ್ಯದ ಸ್ಥಿತಿ

ತಿಂಗಳು ಮುಗಿದು ಮೆಣಸು ತಾಯಿಯೊಂದಿಗೆ ತನ್ನ ಊರಿಗೆ ಹಿಂದಿರುಗಿತು. ಅಂದಿನಿಂದ ಭಾನುವಾರದ ಫೋನಿನ ಕಾರ್ಯವಿಧಾನದಲ್ಲಿ ಬದಲಾವಣೆಯಾಗಿದೆ. ಅಧೀಕ್ಷಕರು ಊಟದ ಬಗ್ಗೆ ವಿಚಾರಿಸುವ ಮುಂಚೆಯೇ ಆ ಕಡೆಯಿಂದ "ಆಫೀಸು, ಗುಂಡಿ ಇದ್ಯಾ?" ಎಂಬ ಪ್ರಶ್ನೆ ಬರುತ್ತದೆ. ಇವರು "ಇದೆ" ಎನ್ನುತ್ತಾರೆ. ಆಮೇಲೆ ಅಜ್ಜಿಯ ಸರದಿ ಸುಲಭವಾಗಿ ಬರುವುದಿಲ್ಲ.

ಸುಳ್ಳು ವರದಿ ಸಲ್ಲಿಸುವುದು ನಡತೆ ನಿಯಮಗಳ ಉಲ್ಲಂಘನೆಯಾಗುತ್ತದೆ. ಆದುದರಿಂದ ಅಧೀಕ್ಷಕರು ಪ್ರತಿ ಭಾನುವಾರ ಬೆಳಗ್ಗೆ ಮೊದಲ ಬಸ್ಸಿಗೆ ತೀರಕ್ಕೆ ಹೋಗಿ, ಅದೇ ಜಾಗದಲ್ಲಿ, ಮಗುವಿನ ಮೊಣಕಾಲಿನಷ್ಟು ಆಳದ ಗುಂಡಿ ತೋಡಿ, ಅದರ ಪಕ್ಕದಲ್ಲೇ ಕುಳಿತು ಫೋನಿಗಾಗಿ ಕಾಯುತ್ತಾರೆ. ಮಗು ಬೆಳೆದಿರಬಹುದೆಂಬ ಅಂದಾಜಿನ ಮೇಲೆ ಆಳವನ್ನು ಇತ್ತೀಚೆಗೆ ಕೊಂಚ ಹೆಚ್ಚಿಸಲಾಗಿದೆ. ಸಂಜೆಗೆ ಸಮುದ್ರ ಗುಂಡಿಯನ್ನು ಒಯ್ಯುತ್ತದೆ. ಮುಂದಿನ ಭಾನುವಾರ ಮತ್ತೆ ತೋಡಲಾಗುತ್ತದೆ. ಮಳೆಯಲ್ಲೂ ಒಂದು ವಾರವೂ ತಪ್ಪಿರುವುದಿಲ್ಲ. ತುರ್ತು ಕಡತಗಳಿದ್ದಲ್ಲಿ ಪ್ಯಾಂಟು ಮಡಚಿಕೊಂಡು ಅಲ್ಲಿಗೇ ತರತಕ್ಕದ್ದು. ಲೆಕ್ಕಿಗರೂ ತಪಾಲು ಗುಮಾಸ್ತರೂ ಕಡತಗಳಿಲ್ಲದೆಯೂ ಬರುತ್ತಿರುವುದು ಕಂಡುಬಂದಿದ್ದು, ಇದಕ್ಕೆ ಆಕ್ಷೇಪಣೆ ಇರುವುದಿಲ್ಲ. ಸ್ವಂತ ಸಲಿಕೆ ತರತಕ್ಕದ್ದು.

೧೨. ಈ ಬಾರಿಯ ವಿಹಾರ

ಮೆಣಸು ರಜೆಗೆ ಬರುತ್ತಿರುವುದರಿಂದ ಈ ಬಾರಿಯ ವಿಹಾರದಲ್ಲಿ ಅದು ಗುಂಡಿಯನ್ನು ಖುದ್ದಾಗಿ ಪರಿಶೀಲಿಸಲಿದೆ. ಗುಂಡಿ ಬೆಳಗ್ಗೆಯೇ ಸಿದ್ಧವಿರುತ್ತದೆ. ಅದು ವರ್ಷದಿಂದ ಅಲ್ಲಿಯೇ ಇದೆಯೇ ಎಂದು ಮಗು ಕೇಳಿದಲ್ಲಿ ಉಳಿದ ಸಿಬ್ಬಂದಿ ಬಾಯಿ ಹಾಕತಕ್ಕದ್ದಲ್ಲ. ಅಧೀಕ್ಷಕರೇ ನಿಜ ಹೇಳುತ್ತಾರೆ. ಮಗು ಪ್ರಭಾರವನ್ನು ವಾಪಸು ಪಡೆದಲ್ಲಿ, ಬೇರೊಂದು ಗುಂಡಿಗೆ ನಿಯೋಜಿಸುವಂತೆ ಕೋರುವ ಅರ್ಜಿಯನ್ನು ಅವರು ಈಗಾಗಲೇ ಬರೆದು ಜೇಬಿನಲ್ಲಿಟ್ಟುಕೊಂಡಿದ್ದಾರೆ. ಅರ್ಜಿಗೆ ಶಿಫಾರಸು ಮಾಡಲು ಎಲ್ಲ ಶಾಖೆಗಳೂ ಬೂಟು ಕಳಚಿ ಹಾಜರಿರುವಂತೆ ಈ ಮೂಲಕ ಸೂಚಿಸಲಾಗಿದೆ.

ಸಹಿ/-
ಅಧೀಕ್ಷಕರು
(ಹೆಚ್ಚುವರಿ ಪ್ರಭಾರ: ಗುಂಡಿ)

ಪ್ರತಿಗಳು:

೧. ಎಲ್ಲ ಶಾಖೆಗಳಿಗೆ, ಓದಿದ್ದೇವೆಂದು ಸಹಿ ಮಾಡುವ ಮುಂಚೆ ಓದಲು.

೨. ಲೆಕ್ಕಿಗರಿಗೆ. ಸ್ವೀಕೃತಿ ಸಹಿಯನ್ನು ಬಲಗೈಯಲ್ಲೇ ಮಾಡತಕ್ಕದ್ದು.

೩. ವ್ಯಾನಿನ ಚಾಲಕರಿಗೆ, ಹೊರಡುವ ಸಮಯವನ್ನು ಇನ್ನು ಮುಂದೆ ಮಕ್ಕಳ ನಿದ್ದೆಯ ಮೇಲೆ ನಿಗದಿಪಡಿಸುವ ಕೋರಿಕೆಯೊಂದಿಗೆ.

೪. ಸಮುದ್ರಕ್ಕೆ, ಖುದ್ದಾಗಿ. (ಹಿಂದಿನ ಪ್ರತಿಯನ್ನು ಅಲೆ ಪಡೆದುಕೊಂಡು, ಮರುದಿನ ಖಾಲಿ ಹಾಳೆಯನ್ನು ಹಿಂದಿರುಗಿಸಿರುತ್ತದೆ.)

೫. ಅಧೀಕ್ಷಕರ ಮನೆಯವರಿಗೆ, ಟವೆಲಿನ ಬಗ್ಗೆ ಸೂಕ್ತ ಕ್ರಮಕ್ಕಾಗಿ.

೬. ಅಧೀಕ್ಷಕರ ಮಗಳಿಗೆ. ಕಲಂ ೯(ೠ) ಅನ್ನು ವಿಶೇಷವಾಗಿ ಗಮನಿಸಲು. ತಡವಾಗಿದ್ದಕ್ಕೆ ವಿಷಾದಿಸಲಾಗಿದೆ.

೭. ಮೆಣಸಿಗೆ. ಓದಲು ಇನ್ನೂ ಬಾರದಿರುವುದರಿಂದ ಫೋನಿನಲ್ಲಿ ಓದಿ ಹೇಳಲಾಗುವುದು. ಮೊದಲನೆಯ ಕಲಮು ಮುಗಿಯುವ ಮುಂಚೆಯೇ ಅದು ಕೇಳಲಿರುವ ಪ್ರಶ್ನೆಗೆ ಉತ್ತರ: ಇದೆ.